ಟೈರ್ ಮೇಲಿನ ಮೂರು ಅಂಕಿ: ಶೋಲಾವರಂನಿಂದ ಚಾಕಣದವರೆಗೆ

ಈ ಸಲದ ವಿಡಿಯೋದಲ್ಲಿ ಲೆಕ್ಕ ಸ್ವಲ್ಪ ಜಾಸ್ತಿ ಇತ್ತು. ಬಾಯಲ್ಲಿ ಹೇಳಿದ ಲೆಕ್ಕ ತಲೆಯಲ್ಲಿ ನಿಲ್ಲೋದಿಲ್ಲ, ಹಾಗಾಗಿ ಈ ಬರಹರೂಪದಲ್ಲಿ ಅದನ್ನು ಬಿಡಿಸಿ ಇಟ್ಟಿದ್ದೇನೆ. ಮಾತಿನ ನಡುವೆ ಬಿಟ್ಟುಹೋಗಿದ್ದ ಒಂದೆರಡು ವಿಷಯಗಳೂ ಸೇರಿವೆ.

ನಾಳೆ ಹಿಂಜವಡಿಯ ಆಫೀಸ್ ಪಾರ್ಕಿಂಗ್‌ನಲ್ಲಿ ಕಾರ್ ನಿಲ್ಲಿಸಿದ ಮೇಲೆ ಒಮ್ಮೆ ಬಗ್ಗಿ ಟೈರ್ ನೋಡಿ. ನನ್ನ ಕಾರಿನ ಮೇಲೆ 185/60 ಆರ್ 15 ಅಂತ ಇದೆ. ನಮ್ಮ ಟೀಮಿನಲ್ಲಿ ಹತ್ತು ಜನರನ್ನು ಕೇಳಿದರೆ ಏಳು ಜನ 'ಆರ್ ಅಂದ್ರೆ ರೇಡಿಯಸ್' ಅನ್ನುತ್ತಾರೆ. ಅಲ್ಲ. ಆರ್ ಅಂದರೆ ರೇಡಿಯಲ್. ಮುಂದಿನ 15 ಅನ್ನೋದು ರಿಮ್‌ನ ವ್ಯಾಸ, ಅದೂ ಇಂಚಿನಲ್ಲಿ. ಮೊದಲಿನ 185 ಟೈರಿನ ಅಗಲ, ಅದು ಮಿಲಿಮೀಟರಿನಲ್ಲಿ. ನಡುವಿನ 60 ಎರಡೂ ಅಲ್ಲ, ಅದು ಶೇಕಡಾ: ಸೈಡ್‌ವಾಲ್‌ನ ಎತ್ತರ ಅಗಲದ ಶೇ. 60ರಷ್ಟು. ಒಂದೇ ಸಾಲಿನಲ್ಲಿ ಮೂರು ಅಳತೆ ಪದ್ಧತಿ. ಕೋಡ್ ರಿವ್ಯೂನಲ್ಲಿ ಯಾರಾದರೂ ಹೀಗೆ ಬರೆದು ತಂದರೆ ವಾಪಸ್ ಕಳಿಸ್ತೀವಿ. ಆದರೆ ಇದು ಒಬ್ಬರು ಕೂತು ಬರೆದದ್ದಲ್ಲ, ನೂರು ವರ್ಷ ಬೇರೆ ಬೇರೆಯವರು ತೇಪೆ ಹಾಕುತ್ತಾ ಬಂದ ಹಳೇ ಕೋಡ್.

ಇದನ್ನೆಲ್ಲ ನಾನು ಓದಿಕೊಂಡದ್ದು ಶಾಣ್ಯಾತನದಿಂದಲ್ಲ, ತಪ್ಪು ಟೈರ್ ಹಾಕಿಸಿ ಪೆಟ್ಟು ತಿಂದ ಮೇಲೆ. ಆ ಕಥೆ ಆಮೇಲೆ ಹೇಳ್ತೀನಿ.

ಗಾಳಿ ತುಂಬಿದ ಟೈರಿಗೆ ಮೊದಲು ಪೇಟೆಂಟ್ ಪಡೆದವರು ರಾಬರ್ಟ್ ಥಾಮ್ಸನ್, 1845ರಲ್ಲಿ. ಆಗ ಯಾರಿಗೂ ಅದು ಬೇಕಿರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ಅದನ್ನೇ ಸೈಕಲ್ಲಿಗೆ ಮತ್ತೆ ಕಂಡುಹಿಡಿದರು. 1895ರ ಪ್ಯಾರಿಸ್–ಬೋರ್ಡೋ–ಪ್ಯಾರಿಸ್ ರೇಸ್‌ನಲ್ಲಿ ಮಿಶೆಲಿನ್ ಸಹೋದರರು ಗಾಳಿ ಟೈರ್ ಹಾಕಿದ ಕಾರು ಓಡಿಸಿದರು. ದಾರಿಯುದ್ದಕ್ಕೂ ಪಂಕ್ಚರ್. ಆದರೂ ಮುಗಿಸಿದರು. ಅಂದರೆ ಟೈರಿನ ಇತಿಹಾಸ ಶುರುವಿನಿಂದಲೂ ರೇಸ್ ಟ್ರ್ಯಾಕಿನ ಜೊತೆಗೇ ಬಂದಿದೆ.

ಹಳೇ ಟೈರುಗಳ ಅಳತೆ ಪೂರ್ತಿ ಇಂಚಿನಲ್ಲೇ ಇರುತ್ತಿತ್ತು. ಅಂಬಾಸಿಡರ್ ಕಾರಿಗೆ 5.90-15. ಮುಂದೆ ಪ್ರೀಮಿಯರ್ ಪದ್ಮಿನಿ ಅಂತ ಹೆಸರಾದ ಫಿಯಟ್‌ಗೆ 5.20-14. ನಮ್ಮಪ್ಪ ಧಾರವಾಡದಲ್ಲಿ ಆ ಫಿಯಟ್ ಇಟ್ಟುಕೊಂಡಿದ್ದರು. ಅವರಿಗೆ 'ಫೈವ್ ಟ್ವೆಂಟಿ ಫೋರ್ಟೀನ್' ಅನ್ನೋದು ಮನೆ ನಂಬರಿನಷ್ಟೇ ಬಾಯಿಪಾಠ. 5.20 ಇಂಚು ಅಂದರೆ 132 ಮಿಲಿಮೀಟರ್. ಈಗಿನ ಕೆಲವು ಬೈಕುಗಳ ಹಿಂದಿನ ಟೈರ್ ಅದಕ್ಕಿಂತ ಅಗಲ ಇದೆ! ಶೇಕಡಾವಾರು ಲೆಕ್ಕ ಆಗ ಇರಲೇ ಇಲ್ಲ, ಯಾಕಂದರೆ ಎಲ್ಲ ಟೈರೂ ಹೆಚ್ಚುಕಡಿಮೆ ಅಗಲದಷ್ಟೇ ಎತ್ತರ ಇರುತ್ತಿದ್ದವು. ಬದಲಾಗದ ಮೌಲ್ಯಕ್ಕೆ ಯಾರೂ ವೇರಿಯಬಲ್ ಇಡೋದಿಲ್ಲವಲ್ಲ.

ಮಿಲಿಮೀಟರ್ ಬಂದದ್ದು ಫ್ರಾನ್ಸಿನಿಂದ. 1946ರಲ್ಲಿ ಮಿಶೆಲಿನ್ ರೇಡಿಯಲ್ ಟೈರಿನ ಪೇಟೆಂಟ್ ತೆಗೆದುಕೊಂಡಿತು, 1949ರಲ್ಲಿ 'ಮಿಶೆಲಿನ್ ಎಕ್ಸ್' ಮಾರುಕಟ್ಟೆಗೆ ಬಂತು. ಅದಕ್ಕೂ ಮುಂಚಿನ ಕ್ರಾಸ್-ಪ್ಲೈ ಟೈರಿನಲ್ಲಿ ನೂಲಿನ ಪದರಗಳು ಓರೆಯಾಗಿ, ಒಂದರ ಮೇಲೊಂದು ಅಡ್ಡ ಬರುತ್ತಿದ್ದವು. ರೇಡಿಯಲ್‌ನಲ್ಲಿ ನೂಲು ಈ ಅಂಚಿನಿಂದ ಆ ಅಂಚಿಗೆ ನೇರ, ಮೇಲೆ ಉಕ್ಕಿನ ಪಟ್ಟಿ. ಸೈಡ್‌ವಾಲ್ ಬಗ್ಗುತ್ತೆ, ನೆಲ ಮುಟ್ಟುವ ಭಾಗ ಚಪ್ಪಟೆಯಾಗಿಯೇ ಉಳಿಯುತ್ತೆ. ಫ್ರೆಂಚರು ರಿಮ್ ಅನ್ನೂ ಮೆಟ್ರಿಕ್ ಮಾಡಲು ನೋಡಿದರು. 1970ರ ದಶಕದಲ್ಲಿ ಬಂದ ಮಿಶೆಲಿನ್ ಟಿಆರ್‌ಎಕ್ಸ್ ಟೈರಿಗೆ 390 ಮಿಲಿಮೀಟರ್‌ನಂಥ ರಿಮ್ ಬೇಕಿತ್ತು. ಅಷ್ಟರಲ್ಲಿ ಜಗತ್ತಿನ ಕಾರುಗಳೆಲ್ಲ ಇಂಚಿನ ರಿಮ್ ಮೇಲೆ ನಿಂತಿದ್ದವು. ಅದು ನಡೆಯಲಿಲ್ಲ. ಹಾಗಾಗಿ ಇವತ್ತಿಗೂ ಅಗಲ ಮಿಲಿಮೀಟರಿನಲ್ಲಿ, ರಿಮ್ ಇಂಚಿನಲ್ಲಿ.

ಶೇಕಡಾ ಬಂದದ್ದು ಕೊನೆಗೆ. ವೇಗ ಏರಿತು, ದೊಡ್ಡ ಬ್ರೇಕ್ ಬೇಕಾಯಿತು, ಬ್ರೇಕ್ ಹಿಡಿಸಲು ರಿಮ್ ದೊಡ್ಡದಾಯಿತು. ಹೊರಗಿನ ವ್ಯಾಸ ಹಾಗೇ ಇರಬೇಕೆಂದರೆ ಸೈಡ್‌ವಾಲ್ ಕುಗ್ಗಲೇಬೇಕು. 1970ರ ದಶಕದ ಮಧ್ಯದಲ್ಲಿ ಪಿರೆಲ್ಲಿ ತನ್ನ ಪಿ7 ಟೈರನ್ನು ರ‍್ಯಾಲಿ ಕಾರುಗಳಿಗೆ, ಆಮೇಲೆ ಪೋರ್ಷೆ 911 ಟರ್ಬೊಗೆ ಕೊಟ್ಟಿತು. ತೆಳು ಸೈಡ್‌ವಾಲ್ ಅಂದರೆ ಸ್ಪೋರ್ಟ್ಸ್ ಕಾರು ಅನ್ನೋ ನಂಟು ಬೆಳೆದದ್ದು ಅಂಥ ಕಾರುಗಳಿಂದ. ಅಲ್ಲಿ ಅದು ಬ್ರೇಕಿನ ಅಗತ್ಯ. ನಮ್ಮಲ್ಲಿಗೆ ಬರುವಷ್ಟರಲ್ಲಿ ಅದು ಲುಕ್ ಆಯಿತು.

ಇನ್ನು ನಮ್ಮ ಕಡೆ ಬರೋಣ.

ನಮ್ಮಲ್ಲಿ ರೇಸಿಂಗ್ ಇತಿಹಾಸ ಅಂದರೆ ಮೊದಲು ಶೋಲಾವರಂ. ಮದ್ರಾಸಿನ ಉತ್ತರಕ್ಕೆ ಎರಡನೇ ಮಹಾಯುದ್ಧದ ಕಾಲದ ಒಂದು ಏರ್‌ಸ್ಟ್ರಿಪ್. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1950ರ ದಶಕದಿಂದ ಅಲ್ಲಿ ರೇಸ್ ನಡೆಸುತ್ತಿತ್ತು. 1980ರ ದಶಕದಲ್ಲಿ ಬೆಂಗಳೂರಿನ ವಿಜಯ್ ಮಲ್ಯ ಅಲ್ಲಿ ಎನ್‌ಸೈನ್ ಫಾರ್ಮುಲಾ ಒನ್ ಕಾರನ್ನೇ ತಂದು ಓಡಿಸಿದ್ದರು. ಆದರೆ ಅಲ್ಲಿನ ಜೀವಾಳ ಅದಲ್ಲ. ಮನೆಯ ಫಿಯಟ್, ಸ್ಟ್ಯಾಂಡರ್ಡ್ ಹೆರಾಲ್ಡ್, ಆಮೇಲೆ ಮಾರುತಿ 800. ಸೀಟು ಕಿತ್ತು, ಎಂಜಿನ್ ಬಿಚ್ಚಿ ಜೋಡಿಸಿ ತಂದ ಕಾರುಗಳು.

ಅವರು ಟೈರ್ ಅಳತೆ ಹೇಗೆ ಆರಿಸುತ್ತಿದ್ದರು? ಆರಿಸೋಕೆ ಏನಿತ್ತು? ಡನ್ಲಪ್ ಕಂಪನಿ 1936ರಿಂದ ಬಂಗಾಳದ ಸಹಾಗಂಜ್‌ನಲ್ಲಿ ಟೈರ್ ಮಾಡುತ್ತಿತ್ತು. ಮದ್ರಾಸಿನಲ್ಲಿ 1946ರಲ್ಲಿ ಬಲೂನ್ ಮಾಡುತ್ತಾ ಶುರುವಾದ ಎಂಆರ್‌ಎಫ್ 1961ರಲ್ಲಿ ಟೈರಿಗೆ ಬಂತು. ರಸ್ತೆಯಲ್ಲಿ ಎರಡು ಮೂರು ಥರದ ಕಾರುಗಳಷ್ಟೇ ಇರುವಾಗ ಕಾರ್ಖಾನೆ ಯಾಕೆ ಹತ್ತು ಅಳತೆ ಮಾಡುತ್ತೆ? ನಮ್ಮ ಮೈಸೂರಿನ ವಿಕ್ರಾಂತ್ ಟೈರ್ಸ್ ಹೆಸರು ನಿಮಗೆಲ್ಲ ಗೊತ್ತಿರುತ್ತೆ, ರಾಜ್ಯ ಸರ್ಕಾರ ಮುಂದೆ ನಿಂತು ಬೆಳೆಸಿದ ಕಂಪನಿ, 1990ರ ದಶಕದ ಕೊನೆಯಲ್ಲಿ ಜೆಕೆ ಕೈಗೆ ಹೋಯಿತು. ಅದಕ್ಕೂ ದೊಡ್ಡ ವ್ಯಾಪಾರ ಅಂದರೆ ಲಾರಿ–ಬಸ್ಸಿನ ಟೈರ್. ಕಾರಿಗೆ ರೇಡಿಯಲ್ ಅನ್ನೋದೇ ಇಲ್ಲಿ ತಯಾರಾಗಲು ಶುರುವಾದದ್ದು 1977ರಲ್ಲಿ, ಜೆಕೆ ಟೈರ್‌ನ ಕಾಂಕ್ರೋಲಿ ಕಾರ್ಖಾನೆಯಲ್ಲಿ. ಅಪ್ಪನ ಫಿಯಟ್ ಮಾತ್ರ ಕೊನೆವರೆಗೂ ಕ್ರಾಸ್-ಪ್ಲೈ, ಟ್ಯೂಬು, ಒಮ್ಮೊಮ್ಮೆ ರೀಟ್ರೆಡ್.

ಈ ಕಥೆಯಲ್ಲಿ ನನಗೆ ಅಚ್ಚುಮೆಚ್ಚು ಬೆಂಗಳೂರಿನ ಡಾಲ್ಫಿನ್. ಸಿಪಾನಿ ಆಟೋಮೊಬೈಲ್ಸ್ 1980ರ ದಶಕದ ಆರಂಭದಲ್ಲಿ ತಂದ ಪುಟ್ಟ ಕಾರು. ಬ್ರಿಟನ್ನಿನ ರಿಲಯಂಟ್ ಕಿಟನ್ ಅನ್ನೋ ಕಾರಿನ ನಮ್ಮೂರ ರೂಪ. ಎರಡೇ ಬಾಗಿಲು, ಫೈಬರ್‌ಗ್ಲಾಸ್ ಬಾಡಿ, 848 ಸಿಸಿ ಎಂಜಿನ್, ಹಿಂದಿನ ಚಕ್ರಕ್ಕೆ ಡ್ರೈವ್. ಕುಟುಂಬದವರು ಅದನ್ನು 'ಪ್ಲಾಸ್ಟಿಕ್ ಕಾರು' ಅಂತ ದೂರ ಇಟ್ಟರು. ಆದರೆ ಹಗುರ ಕಾರು, ಹಿಂಬದಿ ಡ್ರೈವ್ ಅಂದರೆ ರೇಸ್‌ನವರಿಗೆ ಹಬ್ಬ. ರೇಸು, ರ‍್ಯಾಲಿಗಳಲ್ಲಿ ಡಾಲ್ಫಿನ್ ಹೆಸರು ಮಾಡಿತು.

ಅದರ ಮೂಲವಾದ ಕಿಟನ್‌ಗೆ ಇದ್ದ ಟೈರ್ 145 ಆರ್ 10. ಹತ್ತು ಇಂಚಿನ ರಿಮ್! ಅದೂ ಕಿಟನ್‌ಗೆಂದೇ ಹುಟ್ಟಿದ ಅಳತೆಯಲ್ಲ. 1959ರಲ್ಲಿ ಮಿನಿ ಕಾರು ಮಾಡುವಾಗ ಅಲೆಕ್ ಇಸಿಗೋನಿಸ್ ಒಳಗೆ ಜಾಗ ಉಳಿಸಲು ಹತ್ತು ಇಂಚಿನ ಚಕ್ರ ಬೇಕೆಂದು ಹಟ ಹಿಡಿದರು, ಡನ್ಲಪ್ ಮಾಡಿಕೊಟ್ಟಿತು. ಆ ಮಿನಿ 1964, 1965 ಮತ್ತು 1967ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದಿತು, ಅಂಗೈ ಅಗಲದ ಟೈರಿನ ಮೇಲೆ. ಮಿನಿಗೆಂದು ಟೈರ್ ಇದ್ದುದರಿಂದ ಕಿಟನ್‌ಗೂ ಅದೇ ಸಿಕ್ಕಿತು. ಮಾರುತಿ 800ರ 145/70 ಆರ್ 12 ಕೂಡ ಅಷ್ಟೇ, 1984ರ ನಂತರದ ಮಿನಿಗಳ ಮೇಲೂ ನೀವು ನೋಡೋದು ಅದೇ ಅಳತೆ. ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ ಎಂಜಿನ್ ಇಟ್ಟು ಫಾರ್ಮುಲಾ ಮಾರುತಿ ಕಾರುಗಳನ್ನು ಕಟ್ಟಿದಾಗ, ಒಂದು ತಲೆಮಾರಿನ ಹುಡುಗರು ರೇಸಿಂಗ್ ಕಲಿತದ್ದು ಅವುಗಳ ಮೇಲೆ. 1995ರಲ್ಲಿ ಅವರು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇರೋದು ಅವರ ಹೆಸರಿನಲ್ಲೇ.

ಹಾಗಾದರೆ ಚಿಕ್ಕ ಸ್ಪೋರ್ಟ್ಸ್ ಕಾರು ಅಂತ ನಮ್ಮಲ್ಲಿ ಏನೂ ಬರಲಿಲ್ಲವೇ ಅಂದರೆ, ಬಂತು. ಬೆಂಗಳೂರಿನ ಸ್ಯಾನ್ ಮೋಟಾರ್ಸ್‌ನ ಸ್ಟಾರ್ಮ್ ಎರಡು ಸೀಟಿನ, ಮೇಲ್ಛಾವಣಿ ತೆಗೆಯುವ ಕಾರು, ಗೋವಾದಲ್ಲಿ ತಯಾರಾಗುತ್ತಿತ್ತು. ನಮ್ಮ ಪುಣೆಯಲ್ಲಿ ದಿಲೀಪ್ ಛಾಬ್ರಿಯಾ ಅವರ ಅವಂತಿ, 2012ರ ಆಟೋ ಎಕ್ಸ್‌ಪೋದಲ್ಲಿ ಕಾಣಿಸಿತು. ಎರಡೂ ಉಳಿಯಲಿಲ್ಲ. ಹೊರದೇಶದವರು ಟ್ರ್ಯಾಕ್ ಡೇ ಅಂದ ಕೂಡಲೇ ನೆನೆಯುವ ಮಜ್ದಾ ಎಂಎಕ್ಸ್-5 ಇಲ್ಲಿ ಅಧಿಕೃತವಾಗಿ ಮಾರಾಟಕ್ಕೆ ಬರಲೇ ಇಲ್ಲ. ಹಾಗಾಗಿ ನಮ್ಮವರ ಟ್ರ್ಯಾಕ್ ಕಾರು ಅಂದರೆ ಚುರುಕಾದ ಹ್ಯಾಚ್‌ಬ್ಯಾಕ್. ರಂಜನಗಾಂವ್‌ನಲ್ಲಿ ತಯಾರಾದ ಅಬಾರ್ಥ್ ಪುಂಟೊ (195/55 ಆರ್ 16), ಚಾಕಣದ ಪೋಲೊ ಜಿಟಿ ಟಿಎಸ್‌ಐ (185/60 ಆರ್ 15). ಎರಡೂ ಪುಣೆಯ ಸುತ್ತಲಿನವೇ. ಫೋಕ್ಸ್‌ವ್ಯಾಗನ್ 2009ರಲ್ಲಿ ಚಾಕಣಕ್ಕೆ ಬಂತು, 2010ರಿಂದ ಪೋಲೊಗೆಂದೇ ಒಂದು ರೇಸ್ ಸರಣಿಯೂ ನಡೆಯಿತು. 2013ರಲ್ಲಿ ಬ್ರಿಜ್‌ಸ್ಟೋನ್ ಅದೇ ಚಾಕಣದಲ್ಲಿ ಟೈರ್ ಕಾರ್ಖಾನೆ ತೆರೆಯಿತು.

ನನ್ನದು ಸೆಕೆಂಡ್ ಹ್ಯಾಂಡ್ ಪೋಲೊ ಜಿಟಿ ಟಿಎಸ್‌ಐ. 1.2 ಲೀಟರ್ ಟರ್ಬೊ, 105 ಪಿಎಸ್, ತೂಕ ಸುಮಾರು 1,100 ಕಿಲೋ.

ಈಗ ಆ ಕಥೆ. ಕಾರು ತಗೊಂಡ ಎರಡೇ ತಿಂಗಳಿಗೆ ನಾನು 17 ಇಂಚಿನ ಅಲಾಯ್, 205/45 ಟೈರ್ ಹಾಕಿಸಿದೆ. ಅಂಗಡಿಯವ 'ಸಾಹೇಬ್, ಗಾಡಿ ಏಕದಮ್ ಜರ್ಮನ್ ದಿಸ್ತೆ' ಅಂದ. ನನ್ನ ಧಾರವಾಡದ ಗೆಳೆಯ ನೋಡಿ 'ಲೇ, ಎಮ್ಮಿ ಕಾಲಿಗೆ ಗೆಜ್ಜಿ ಕಟ್ಟಿದಂಗ ಆಗೇತಿ' ಅಂದ. ಅವನದೂ ಪೋಲೊನೇ, ಕಂಪನಿ ಕೊಟ್ಟ 15 ಇಂಚಿನ ಚಕ್ರ, ಆದರೆ ಟೈರ್ ಮಾತ್ರ ಹೊಸ ಒಳ್ಳೇ ಹಿಡಿತದ್ದು. ಇಬ್ಬರೂ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ಗೆ ಹೊರಟೆವು. ಶೋಲಾವರಂ ನಂತರ ಅದೇ ಕ್ಲಬ್ಬಿನವರು 1990ರಲ್ಲಿ ತೆರೆದ ಟ್ರ್ಯಾಕ್, 3.7 ಕಿಲೋಮೀಟರ್.

ಇದು ನಮ್ಮ ದಾರಿಯಲ್ಲೇ ಇದೆ ಅನ್ನೋದು ಎಷ್ಟು ಜನಕ್ಕೆ ಗೊತ್ತು? ವಾಕಡ್ ಹತ್ತಿರ ನೀವು ದಿನಾ ಬೈಯುತ್ತಾ ದಾಟುವ ಹೈವೇ ಇದೆಯಲ್ಲ, ಎನ್‌ಎಚ್ 48, ಅದೇ ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ತುಮಕೂರು, ಬೆಂಗಳೂರು ದಾಟಿ ಚೆನ್ನೈಗೆ ಹೋಗುತ್ತೆ, ಚೆನ್ನೈ ಮುಟ್ಟುವ ಮುಂಚೆ ಇರುಂಗಾಟ್ಟುಕೋಟ್ಟೈ. ಊರಿಗೆ ಹೋಗುವ ರಸ್ತೆಯೇ ರೇಸ್ ಟ್ರ್ಯಾಕಿನ ರಸ್ತೆ. ಒಂದು ಕಡೆಗೆ 1,100 ಕಿಲೋಮೀಟರಿಗೂ ಹೆಚ್ಚು. ಹೊರದೇಶದಲ್ಲಿ ಟ್ರ್ಯಾಕ್ ಟೈರನ್ನು ಟ್ರೇಲರ್‌ನಲ್ಲಿ ಹೇರಿಕೊಂಡು ಹೋಗ್ತಾರೆ. ನಾವು ಓಡಿಸಿಕೊಂಡು ಹೋಗಬೇಕು, ಅದೇ ಟೈರಿನ ಮೇಲೆ ವಾಪಸ್ ಬರಬೇಕು. ಅದೇ ಕಾರಿನಲ್ಲಿ ದಸರೆಗೆ ಹೆಂಡತಿ ಮಗಳನ್ನು ಕೂರಿಸಿಕೊಂಡು ಊರಿಗೂ ಹೋಗಬೇಕು.

ಟ್ರ್ಯಾಕಿನಲ್ಲಿ ಗೆಳೆಯ ನನಗಿಂತ ಪ್ರತಿ ಸುತ್ತಿಗೆ ಒಂದು ಸೆಕೆಂಡಿಗೂ ಹೆಚ್ಚು ಬೇಗ. ಅವನು ನನಗಿಂತ ಚೆನ್ನಾಗಿ ಓಡಿಸ್ತಾನೆ, ಒಪ್ಪಿದೆ. ಆದರೆ ಮಧ್ಯಾಹ್ನ ಕಾರು ಬದಲಿಸಿಕೊಂಡಾಗ ಅವನೂ ನನ್ನ ಕಾರಿನಲ್ಲಿ ನಿಧಾನವಾದ. ಯಾಕೆ?

ಲೆಕ್ಕ ನೋಡಿ. 185/60 ಆರ್ 15: ಸೈಡ್‌ವಾಲ್ 111 ಮಿ.ಮೀ., ಎರಡು ಕಡೆ ಸೇರಿ 222, ರಿಮ್ 381, ಒಟ್ಟು ವ್ಯಾಸ 603 ಮಿ.ಮೀ. ನನ್ನ 205/45 ಆರ್ 17ರ ವ್ಯಾಸ 616. ಶೇ. 2.2 ಹೆಚ್ಚು. ಅಂದರೆ ಪ್ರತಿ ಗೇರೂ ಶೇ. 2.2 ಉದ್ದವಾಯಿತು, ಕಾರ್ನರ್‌ನಿಂದ ಹೊರಬರುವಾಗ ಎಳೆತ ಅಷ್ಟು ಕಡಿಮೆ. ಚಕ್ರ ಬಿಚ್ಚಿ ತೂಗಿದರೆ ಒಂದೊಂದೂ ಹಳೆಯದಕ್ಕಿಂತ ಮೂರು ಕಿಲೋ ಭಾರ, ಆ ಭಾರವೆಲ್ಲ ಹೊರ ಅಂಚಿನಲ್ಲಿ ತಿರುಗುವಂಥದ್ದು.

ಆದರೆ ಅಗಲ ಹೆಚ್ಚಾಯಿತಲ್ಲ, ಹಿಡಿತ ಹೆಚ್ಚಬೇಕಲ್ಲ? ಇಲ್ಲೇ ಎಲ್ಲರೂ ಎಡವುವುದು. ಪೋಲೊದ ಮುಂದಿನ ಒಂದು ಚಕ್ರದ ಮೇಲೆ ಸುಮಾರು 330 ಕಿಲೋ ಭಾರ ಅಂದುಕೊಳ್ಳಿ, ಗಾಳಿ 33 ಪಿಎಸ್‌ಐ. ಭಾರವನ್ನು ಒತ್ತಡದಿಂದ ಭಾಗಿಸಿದರೆ ನೆಲ ಮುಟ್ಟುವ ಜಾಗ ಸುಮಾರು 140 ಚದರ ಸೆಂ.ಮೀ., ನಮ್ಮ ಅಂಚೆ ಕಾರ್ಡಿಗಿಂತ ಸ್ವಲ್ಪ ದೊಡ್ಡದು. ಟೈರ್ ಅಗಲ ಮಾಡಿದರೆ ಈ ಜಾಗ ಅಷ್ಟೇನೂ ಬೆಳೆಯೋದಿಲ್ಲ, ಕಾರ್ಡನ್ನು ಅಡ್ಡ ತಿರುಗಿಸಿದ ಹಾಗೆ ಆಕಾರ ಬದಲಾಗುತ್ತೆ. ಆ ಅಡ್ಡ ಆಕಾರದಿಂದ ತಿರುವಿನಲ್ಲಿ ಲಾಭ ಇದೆ, ಇಲ್ಲ ಅನ್ನೋಲ್ಲ. ಆದರೆ ರಬ್ಬರ್ ಸಾಕಷ್ಟು ಬಿಸಿಯಾದರೆ ಮಾತ್ರ, ರಬ್ಬರ್ ಒಳ್ಳೇದಿದ್ದರೆ ಮಾತ್ರ. ಅಲಾಯ್‌ಗೆ ದುಡ್ಡು ಸುರಿದ ನಾನು ಟೈರಿನಲ್ಲಿ ಉಳಿಸಿದ್ದೆ, ಗಟ್ಟಿ ರಬ್ಬರಿನ ಸಾದಾ ಟೈರ್. ಗೆಳೆಯ ತದ್ವಿರುದ್ಧ.

ಇದನ್ನು ದೊಡ್ಡವರು ಯಾವತ್ತೋ ತಿಳಿದಿದ್ದರು. 1989ರ ಮೊದಲ ಎಂಎಕ್ಸ್-5ಗೆ ಮಜ್ದಾ ಕೊಟ್ಟದ್ದು 185/60 ಆರ್ 14. 2012ರ ಟೊಯೊಟಾ 86ಗೆ ಕೊಟ್ಟ ಟೈರು ಪ್ರಿಯಸ್ ಹೈಬ್ರಿಡ್‌ನ ಒಂದು ಮಾದರಿಗೂ ಹಾಕುತ್ತಿದ್ದ ಟೈರೇ. ಫಾರ್ಮುಲಾ ಒನ್ ಕಾರುಗಳು 2021ರವರೆಗೂ 13 ಇಂಚಿನ ರಿಮ್ ಮೇಲೆ, ದಪ್ಪ ಸೈಡ್‌ವಾಲ್ ಇಟ್ಟುಕೊಂಡೇ ಓಡಿದವು. 18 ಇಂಚು ಬಂದದ್ದು 2022ರಲ್ಲಿ. ಟೈರ್ ಟ್ರ್ಯಾಕಿಗೆ ಹೊಂದದಿದ್ದರೆ ಏನಾಗುತ್ತೆ ಅನ್ನೋದಕ್ಕೆ 2005ರ ಅಮೆರಿಕ ಗ್ರ್ಯಾನ್ ಪ್ರೀ ಸಾಕು. ಇಂಡಿಯಾನಾಪೊಲಿಸ್‌ನ 13ನೇ ತಿರುವಿನ ಒತ್ತಡ ಮಿಶೆಲಿನ್ ಟೈರುಗಳು ತಾಳಲಿಲ್ಲ, ಹದಿನಾಲ್ಕು ಕಾರುಗಳು ರೇಸ್ ಶುರುವಾಗುವ ಮುಂಚೆಯೇ ಒಳಗೆ ಹೋದವು. ಬ್ರಿಜ್‌ಸ್ಟೋನ್‌ನ ಆರೇ ಕಾರು ಓಡಿದವು. ನಾರಾಯಣ್ ಕಾರ್ತಿಕೇಯನ್ ನಾಲ್ಕನೆಯವರಾಗಿ ಐದು ಪಾಯಿಂಟ್ ಪಡೆದದ್ದು ಆ ದಿನ.

ವಾಪಸ್ ಬರುವಾಗ ಶಿರಾ ದಾಟಿದ ಮೇಲೆ ರಾತ್ರಿ ಒಂದು ಗುಂಡಿ. ಮುಂದಿನ ಎಡ ಟೈರಿನ ಸೈಡ್‌ವಾಲ್ ಸೀಳಿತು. 92 ಮಿಲಿಮೀಟರಿನ ಸೈಡ್‌ವಾಲ್ ಎಷ್ಟು ತಾನೇ ತಡೆಯುತ್ತೆ? ಸ್ಟೆಪ್ನಿ ಹಳೇ ಅಳತೆಯದು. ಮುಂದಿನ ಚಕ್ರ ಎಳೆಯುವ ಕಾರಿಗೆ ಮುಂದೆ ಎರಡು ಬೇರೆ ವ್ಯಾಸ ಹಾಕಿದರೆ ಡಿಫರೆನ್ಷಿಯಲ್ ಒಂದೇ ಸಮ ಉಜ್ಜುತ್ತಿರುತ್ತೆ. ಹಾಗಾಗಿ ಹೆದ್ದಾರಿ ಬದಿ, ಲಾರಿಗಳ ಗಾಳಿಗೆ ಕಾರು ಅಲುಗಾಡುತ್ತಿರುವಾಗ, ಹಿಂದಿನ ಚಕ್ರ ಮುಂದಕ್ಕೆ, ಸ್ಟೆಪ್ನಿ ಹಿಂದಕ್ಕೆ. ಎರಡು ಸಲ ಜಾಕ್. ಹುಬ್ಬಳ್ಳಿಯವರೆಗೆ ಅರವತ್ತರ ವೇಗ. ಅದೇ ವಾರ ಹೆಂಡತಿ ಮಗಳು ಅದೇ ರಸ್ತೆಯಲ್ಲಿ ನನ್ನ ಜೊತೆ ಬರಬೇಕಿತ್ತು ಅನ್ನೋದು ದಾರಿಯುದ್ದಕ್ಕೂ ತಲೆಯಲ್ಲಿ ಕೊರೆಯುತ್ತಿತ್ತು.

ಪುಣೆಗೆ ಬಂದು 17 ಇಂಚು ಮಾರಿದೆ. ಈಗ ಏನು ಹಾಕಬೇಕು? 15 ಇಂಚಿನ ರಿಮ್ ಅಂತೂ ಖಚಿತ. ಅದರ ಮೇಲೆ 195/55 ಆರ್ 15 ಹಾಕಿದರೆ ವ್ಯಾಸ 595.5, ಮೂಲಕ್ಕಿಂತ ಶೇ. 1.2 ಕಡಿಮೆ. ಗೇರ್ ಸ್ವಲ್ಪ ಚುರುಕಾಗುತ್ತೆ, ನನ್ನ 6 ಇಂಚು ಅಗಲದ ರಿಮ್‌ಗೂ ಸರಿಯಾಗಿ ಕೂರುತ್ತೆ. ಭಾರದ ಅಂಕಿಯೂ ನೋಡಬೇಕು: ಮೂಲ ಟೈರ್ 84, ಅಂದರೆ ಒಂದು ಟೈರಿಗೆ 500 ಕಿಲೋ, ಅದಕ್ಕಿಂತ ಇಳಿಯಬಾರದು. ಕಾಗದದ ಮೇಲೆ ಅದೇ ಒಳ್ಳೇ ಉತ್ತರ. ಆದರೆ ಅಂಗಡಿಗೆ ಹೋದರೆ ಆ ಅಳತೆಯಲ್ಲಿ ಹಿಡಿತದ ಟೈರ್ ಸಿಗೋದೇ ಕಷ್ಟ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು, ತರಿಸಲು ಲೈಸೆನ್ಸ್ ಬೇಕು. ಇಲ್ಲಿನ ಕಾರ್ಖಾನೆಗಳು ಮಾಡುವುದು ಇಲ್ಲಿ ಹೆಚ್ಚು ಓಡುವ ಅಳತೆಗಳನ್ನು. ಬಲೆನೊ, ಐ20 ಇರೋದರಿಂದ 195/55 ಆರ್ 16 ಮೂಲೆಮೂಲೆಗೂ ಸಿಗುತ್ತೆ, ಆದರೆ ಅದರ ವ್ಯಾಸ 621, ನನ್ನ ಕಾರಿಗೆ ದೊಡ್ಡದು. ಅಪ್ಪನಿಗೆ ಹೇಳಿದಾಗ ನಕ್ಕುಬಿಟ್ಟರು. 'ನಮಗ ಒಂದ ಅಳತಿ ಸಿಗ್ತಿತ್ತು. ನಿಮಗ ಇಪ್ಪತ್ತ ಅಳತಿ ಕಾಣ್ತಾವ, ಸಿಗೂದು ಮತ್ತ ಒಂದ.'

ಕೊನೆಗೆ ಹಾಕಿಸಿದ್ದು ಕಂಪನಿಯ ಅಳತೆಯೇ, 185/60 ಆರ್ 15, ಆದರೆ ಆ ಅಳತೆಯಲ್ಲಿ ಸಿಗುವ ಅತ್ಯಂತ ಮೃದುವಾದ ಬೇಸಿಗೆ ಟೈರ್. ಮುಂದಿನ ಟ್ರ್ಯಾಕ್ ಡೇಗೆ ಹೋದಾಗ ಟೈರಿನ ಭುಜಕ್ಕೆ ಚಾಕ್‌ಪೀಸಿನಿಂದ ಗೆರೆ ಎಳೆದೆ. ನಾಲ್ಕು ಸುತ್ತು ಹೊಡೆದು ಬಂದು ಗೆರೆ ಎಲ್ಲಿಯವರೆಗೆ ಅಳಿಸಿದೆ ಅಂತ ನೋಡೋದು: ಸೈಡ್‌ವಾಲ್‌ವರೆಗೂ ಅಳಿಸಿದ್ದರೆ ಗಾಳಿ ಕಡಿಮೆ, ಭುಜ ಮುಟ್ಟದೇ ಇದ್ದರೆ ಗಾಳಿ ಹೆಚ್ಚು. ಬಿಸಿಯಾದಾಗ ಐದಾರು ಪಿಎಸ್‌ಐ ತಾನೇ ಏರುತ್ತೆ, ಹಾಗಾಗಿ ಅಳೆಯಬೇಕಾದ್ದು ಟ್ರ್ಯಾಕಿನಿಂದ ಬಂದ ತಕ್ಷಣ. ಸಂಜೆ ಟೈರ್ ತಣ್ಣಗಾದ ಮೇಲೆ ಬಾಗಿಲ ಸ್ಟಿಕರ್‌ನಲ್ಲಿರುವ ಅಂಕಿಗೆ ಗಾಳಿ ತುಂಬಿಸಿ ಮಾತ್ರ ಹೆದ್ದಾರಿ ಹತ್ತಿದೆ.

ಟ್ರೆಡ್ ಈಗ 4 ಮಿಲಿಮೀಟರ್ ಉಳಿದಿದೆ. ಕಾನೂನಿನ ಮಿತಿ 1.6. ಕೊಲ್ಹಾಪುರದ ಮಳೆಯಲ್ಲಿ ಮಗಳನ್ನು ಹಿಂದೆ ಕೂರಿಸಿಕೊಂಡು ಹೋಗಲು ನನ್ನ ಮಿತಿ 3. ಹಾಗಾಗಿ ಇನ್ನೊಂದು ಟ್ರ್ಯಾಕ್ ಡೇ ಇದರಲ್ಲಿ ಆಗುತ್ತೆ, ಅದು ದಸರೆ ಮುಗಿದ ಮೇಲೆ.